ಚಳಿಗಾಲದ ಹಿತ್ತಲ

ದೀಪಾವಳಿ ಮುಗಿಯಿತು. ಮಳೆ ಹಿಂದಾಯಿತು. ಮುಂಜಾನೆ ಎದ್ದರೆ ಕೌದಿ ಬಿಡಲು ಮನಸ್ಸು ಬರುವುದಿಲ್ಲ. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಕಡೆ ಚಳಿ ಬಿತ್ತು ಅಂತ ತಿಳಿಯಿರಿ.

ಚಳಿ ಅಂದರೆ ಎಷ್ಟು ಚಳಿ? ಮುಂಜಾನೆ 14-15 ಡಿಗ್ರಿ. ಮಧ್ಯಾಹ್ನದ ಹೊತ್ತಿಗೆ 28-30 ಡಿಗ್ರಿ. ಮುಂಜಾನೆ ಕೌದಿ ಬೇಕು, ಮಧ್ಯಾಹ್ನ ನೆರಳು ಬೇಕು. ಇದಕ್ಕೇ ನಾವು ಚಳಿ ಅಂತೀವಿ!

ಕಾಶ್ಮೀರದ ಚಳಿಗಾಲ ಬೇರೆ. ಅಲ್ಲಿ ಹಿಮ ಬೀಳುತ್ತದೆ. ಹಿತ್ತಲದಲ್ಲಿ ಏನೂ ಬೆಳೆಯುವುದಿಲ್ಲ. ಅದಕ್ಕೆ ಅಲ್ಲಿಯ ಹೆಣ್ಣುಮಕ್ಕಳು ಬೇಸಿಗೆಯಲ್ಲೇ ಬದನೆಕಾಯಿ, ಸೋರೆಕಾಯಿ, ಟೊಮ್ಯಾಟೊ ಹೆಚ್ಚಿ ಒಣಗಿಸಿ ಇಡುತ್ತಾರೆ. ಚಳಿಗಾಲದಲ್ಲಿ ಅದನ್ನೇ ನೀರಲ್ಲಿ ನೆನೆಸಿ ಪಲ್ಯ ಮಾಡುತ್ತಾರೆ. ನಮ್ಮಲ್ಲಿ ಇದು ತಿರುಗಾಮುರುಗಾ. ನಾವು ಬಿಸಿಲಲ್ಲಿ ಸಂಡಿಗೆ, ಹಪ್ಪಳ ಒಣಗಿಸುವುದು ಮಳೆಗಾಲಕ್ಕೆ. ಚಳಿಗಾಲ ನಮಗೆ ಹಸಿ ತಪ್ಪಲ ತಿನ್ನುವ ಕಾಲ.

ಬೇಸಿಗೆಯಲ್ಲಿ ಕೊತ್ತಂಬರಿ ಹಾಕಿ ನೋಡಿ. ಗೇಣುದ್ದ ಆಗುವುದರೊಳಗೆ ಹೂ ಬಿಡುತ್ತದೆ. ಜಡಿಮಳೆಯಲ್ಲಿ ಮೆಂತ್ಯೆ ಹಾಕಿದರೆ ಬುಡ ಕೊಳೆಯುತ್ತದೆ. ಈಗ ಹಾಗಲ್ಲ. ಬಿಸಿಲು ಹದವಾಗಿದೆ. ರಾತ್ರಿ ಇಬ್ಬನಿ ಬೀಳುತ್ತದೆ. ಹಾಕಿದ ನೀರು ಬೇಗ ಆರುವುದಿಲ್ಲ. ಮಳೆಗಾಲದಲ್ಲಿ ಬೇಲಿಗೆ ಹಬ್ಬಿಸಿದ ಜವಾರಿ ಅವರಿ ಬಳ್ಳಿ ಹಗಲು ಸಣ್ಣದಾಗಲಿ ಅಂತಲೇ ಕಾಯುತ್ತಿರುತ್ತದೆ. ಚಳಿ ಬಿದ್ದ ಮೇಲೆ ಹೂ ಬಿಡುತ್ತದೆ.

ಬೀಜ ಮಾಡುವ ಕೈ

ರಾಣೇಬೆನ್ನೂರು ಸುತ್ತಿನ ಹಳ್ಳಿಗಳು ತರಕಾರಿ ಬೀಜಕ್ಕೆ ಹೆಸರಾಗಿವೆ. ಟೊಮ್ಯಾಟೊ, ಮೆಣಸಿನಕಾಯಿ, ಬದನಿಕಾಯಿಯ ಹೈಬ್ರಿಡ್ ಬೀಜ ಇಲ್ಲಿ ತಯಾರಾಗಿ ದೂರದೂರದ ಊರಿಗೆ ಹೋಗುತ್ತದೆ. ಆ ಬೀಜ ಮಾಡುವವರು ಯಾರು? ಹೆಚ್ಚಿನವರು ನಮ್ಮ ಅಕ್ಕತಂಗಿಯರೇ. ಅರಳದ ಮೊಗ್ಗನ್ನು ಚಿಮಟಿಗೆಯಿಂದ ಬಿಡಿಸಿ ಗಂಡು ಭಾಗ ತೆಗೆಯುತ್ತಾರೆ. ಮರುದಿನ ಬೇರೆ ಗಿಡದ ಹೂವಿನ ಪರಾಗವನ್ನು ಅದಕ್ಕೆ ಮುಟ್ಟಿಸುತ್ತಾರೆ. ಇದೇ ಕ್ರಾಸಿಂಗ್ ಕೆಲಸ. ದಿನಕ್ಕೆ ನೂರಾರು ಹೂವು. ಕಣ್ಣು ಚುರುಕಿರಬೇಕು, ಕೈ ಹಗುರ ಇರಬೇಕು.

ಇಷ್ಟೆಲ್ಲ ಬಲ್ಲವರ ಮನೆಯಲ್ಲಿ ಸಂಜೆಗೆ ಪಲ್ಯ ಏನು? ಬಹಳ ಮನೆಗಳಲ್ಲಿ ರೊಟ್ಟಿ, ಖಾರ, ನೀರು ಸಾರು. ತರಕಾರಿ ಕೊಂಡರೂ ಗಂಡಸರಿಗೆ, ಮಕ್ಕಳಿಗೆ ಬಡಿಸಿ ಉಳಿದರೆ ತಾಯಿಗೆ. ಉಳಿಯುವುದು ಬೋಗುಣಿಯ ತಳ.

ಇದರ ಫಲ ಕಣ್ಣಿಗೆ ಕಾಣುತ್ತದೆ. ಮೆಟ್ಟಿಲು ಹತ್ತಿದರೆ ಏದುಸಿರು. ಕಣ್ಣು ಕತ್ತಲೆ. ನಾಲಿಗೆ ಬಿಳಚು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದ್ದು ಕೇಳಿ. ಕರ್ನಾಟಕದಲ್ಲಿ 15ರಿಂದ 49 ವರ್ಷದ ನೂರು ಹೆಣ್ಣುಮಕ್ಕಳಲ್ಲಿ ಸುಮಾರು 48 ಮಂದಿಗೆ ರಕ್ತಹೀನತೆ ಇದೆ. ಅಂದರೆ ಹೆಚ್ಚುಕಡಿಮೆ ಅರ್ಧ.

ತಪ್ಪಲ ತಿಂದರಷ್ಟೇ ರಕ್ತಹೀನತೆ ಹೋಗುತ್ತದೆ ಅಂತ ನಾವು ಹೇಳುವುದಿಲ್ಲ. ಆಶಾ ಅಕ್ಕ ಕೊಡುವ ಕಬ್ಬಿಣದ ಗುಳಿಗೆಯನ್ನೂ ನುಂಗಬೇಕು. ಆದರೆ ದಿನಕ್ಕೆ ಒಂದು ದೊಡ್ಡ ಹಿಡಿ ಸೊಪ್ಪು ಹೊಟ್ಟೆಗೆ ಬೀಳಬೇಕು. ಅದರ ಮೇಲೆ ಲಿಂಬೆಹಣ್ಣು ಹಿಂಡಿದರೆ ಸೊಪ್ಪಿನ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ಉಂಡ ಕೂಡಲೇ ಚಹಾ ಕುಡಿದರೆ ಹತ್ತುವುದಿಲ್ಲ. ಚಹಾ ಬಿಡಿ ಅಂದರೆ ನಮ್ಮ ಮೇಲೆ ಸಿಟ್ಟಾಗುತ್ತೀರಿ! ಬಿಡುವುದು ಬೇಡ, ಒಂದು ತಾಸು ತಡೆದು ಕುಡಿಯಿರಿ.

ನೀರು ಎಲ್ಲಿಂದ?

ಕಲಿಕಾ ಕೇಂದ್ರದಲ್ಲಿ ಹಿತ್ತಲದ ಮಾತು ತೆಗೆದರೆ ಮೊದಲು ಬರುವ ಪ್ರಶ್ನೆ ಇದೇ.

"ಕುಡ್ಯಾಕ ನೀರ ಬರೋದ ಕಷ್ಟ ಐತ್ರೀ ಅಕ್ಕಾರ. ತಪ್ಪಲಕ್ಕ ಎಲ್ಲಿಂದ ತರೂಣು?" ಎಂದು ಒಬ್ಬ ಅಮ್ಮ ಕೇಳಿದರು.

ಪಕ್ಕದಲ್ಲಿ ಕೂತ ಅಜ್ಜಿ ಉತ್ತರ ಕೊಟ್ಟರು. "ಅಕ್ಕಿ ತೊಳದ ನೀರ ಎಲ್ಲಿ ಚೆಲ್ಲತೀಯವ್ವ?"

ಲೆಕ್ಕ ಹಾಕಿ ನೋಡಿದೆವು. ಅಕ್ಕಿ, ಬೇಳೆ, ಕಾಯಿಪಲ್ಯ ತೊಳೆದ ನೀರು, ಕೊಡದ ತಳದಲ್ಲಿ ಉಳಿದ ನಿನ್ನೆಯ ನೀರು, ಇವನ್ನು ಒಂದು ಬಕೆಟ್ಟಿಗೆ ಹಾಕುತ್ತ ಬಂದರೆ ಸಂಜೆಗೆ ಒಂದು ಕೊಡ ತುಂಬುತ್ತದೆ. ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಒಂದು ಮಡಿಗೆ ಚಳಿಗಾಲದಲ್ಲಿ ದಿನ ಬಿಟ್ಟು ದಿನ ಎರಡು ಕೊಡ ಸಾಕು. ಸರಿಯಾಯಿತಲ್ಲ?

ಬಚ್ಚಲ ನೀರಿನ ಮಾತು ಬೇರೆ. ಅದರಲ್ಲಿ ಸಾಬೂನು, ಹೊಲಸು ಇರುತ್ತದೆ. ಅದನ್ನು ಬಾಳೆ ಬುಡಕ್ಕೆ, ನುಗ್ಗೆ ಬುಡಕ್ಕೆ ಬಿಡಿ. ಹಸಿದೇ ತಿನ್ನುವ ಮೆಂತ್ಯೆ, ಮೂಲಂಗಿ, ಕೊತ್ತಂಬರಿಗೆ ಬೇಡವೇ ಬೇಡ. ಬಟ್ಟೆ ಒಗೆಯುವ ಪುಡಿಯ ನೀರು ಯಾವ ಗಿಡಕ್ಕೂ ಒಳ್ಳೆಯದಲ್ಲ.

ಮಡಿ ಮಾಡುವುದು

ನಿಮ್ಮ ಹಿತ್ತಲದ ಮಣ್ಣು ಯಾವುದು? ಯರಿ ಮಣ್ಣಾದರೆ ನೀರು ನಿಲ್ಲುತ್ತದೆ. ಅಲ್ಲಿ ಮಡಿಯನ್ನು ನಾಲ್ಕು ಬೆರಳು ಎತ್ತರಿಸಿ. ಮಸಾರಿ ಮಣ್ಣಾದರೆ ನೀರು ಇಂಗಿ ಹೋಗುತ್ತದೆ. ಅಲ್ಲಿ ಮಡಿಯನ್ನು ಸ್ವಲ್ಪ ತಗ್ಗು ಮಾಡಿ, ಸುತ್ತ ಬದು ಕಟ್ಟಿ. ನಮ್ಮ ಮೂರೂ ತಾಲೂಕುಗಳಲ್ಲಿ ಎರಡು ತರದ ಮಣ್ಣೂ ಇವೆ. ಅದಕ್ಕೆ ಪಕ್ಕದ ಊರಿನವರು ಮಾಡಿದ್ದನ್ನೇ ನಾವೂ ಮಾಡಬೇಕು ಅಂತಿಲ್ಲ.

ಬಿಸಿಲು ದಿನಕ್ಕೆ ಐದಾರು ತಾಸು ಬೀಳುವ ಜಾಗ ಹುಡುಕಿ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಮನೆಯ ಉತ್ತರ ಗೋಡೆಯ ಮಗ್ಗುಲಲ್ಲಿ ಇಡೀ ದಿನ ನೆರಳು. ಅಲ್ಲಿ ಹಾಕಿದರೆ ಸೊಪ್ಪು ಸೊರಗುತ್ತದೆ.

ತಿಪ್ಪೆಗೊಬ್ಬರ ಪೂರ್ತಿ ಕಳಿತಿರಬೇಕು. ಮೂಸಿದರೆ ಮಣ್ಣಿನ ವಾಸನೆ ಬರಬೇಕು. ಹಸಿ ಸಗಣಿ ಹಾಕಿದರೆ ಗೆದ್ದಲು ಬರುತ್ತದೆ. ಅಗೆಯುವುದು, ಜಾಲಿಮುಳ್ಳಿನ ಬೇಲಿ ಹಾಕುವುದು ಮನೆಯ ಗಂಡಸರ ಪಾಲಿಗೆ ಇರಲಿ. ಬೇಲಿ ಇಲ್ಲದಿದ್ದರೆ ಕೋಳಿ ಕೆದರುತ್ತದೆ, ಆಡು ಮೇಯುತ್ತದೆ. ಆಮೇಲೆ ನೆರೆಮನೆಯವರೊಂದಿಗೆ ಜಗಳ.

ಮೆಂತ್ಯೆ ಬಲು ಸುಲಭ. ಅಡಿಗೆ ಮನೆಯ ಡಬ್ಬಿಯಿಂದ ಒಂದು ಹಿಡಿ ಕಾಳು ತೆಗೆದು ಚೆಲ್ಲಿ, ತೆಳ್ಳಗೆ ಮಣ್ಣು ಮುಚ್ಚಿ. ನಾಲ್ಕೈದು ದಿನಕ್ಕೆ ಮೊಳಕೆ. 25-30 ದಿನಕ್ಕೆ ಪಲ್ಯ. ಕೊತ್ತಂಬರಿ ಕಾಳನ್ನು ಇಡಿಯಾಗಿ ಹಾಕಬೇಡಿ. ನೆಲದ ಮೇಲೆ ಹರವಿ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ. ಒಂದು ರಾತ್ರಿ ನೆನೆಸಿ ಹಾಕಿ. ಮೊಳಕೆ ಬರಲು ಎಂಟು ಹತ್ತು ದಿನ ಬೇಕು. ಬರಲಿಲ್ಲ ಅಂತ ಮಡಿ ಕೆದರಬೇಡಿ. ಮೂಲಂಗಿಗೆ 40-50 ದಿನ. ಪಾಲಕ ಒಮ್ಮೆ ಕೊಯ್ದರೆ ಮತ್ತೆ ಚಿಗುರುತ್ತದೆ.

ಒಂದೇ ದಿನ ಇಡೀ ಮಡಿ ಬಿತ್ತಬೇಡಿ. ಈ ವಾರ ಮೂರರಲ್ಲಿ ಒಂದು ಪಾಲು, ಮುಂದಿನ ವಾರ ಇನ್ನೊಂದು ಪಾಲು. ಇಲ್ಲದಿದ್ದರೆ ಒಂದು ವಾರ ತಿನ್ನಲಾರದಷ್ಟು, ಮರುವಾರ ಏನೂ ಇಲ್ಲ.

ಬದನಿಕಾಯಿಗೆ ಸಸಿ ತಂದು ನೆಡಿ. ಒಂದು ಮನೆಗೆ ಆರು ಗಿಡ ಸಾಕು.

ಹಿತ್ತಲವೇ ಇಲ್ಲದವರು? ತಳ ತೂತಾದ ಕೊಡ, ಎಣ್ಣೆ ಡಬ್ಬಿ, ಸಿಮೆಂಟಿನ ಖಾಲಿ ಚೀಲ ಇವೆಲ್ಲ ಆಗುತ್ತವೆ. ಚೀಲವನ್ನು ಚೆನ್ನಾಗಿ ಝಾಡಿಸಿ ತೊಳೆಯಿರಿ. ನೀರು ಬಸಿಯಲು ತಳದಲ್ಲಿ ತೂತು ಇರಲಿ.

ಪಾಕೀಟು ಓದಿ

ಬೀಜ ಕೊಂಡರೆ ಪಾಕೀಟನ್ನು ಹರಿದು ಒಗೆಯುವ ಮೊದಲು ಓದಿ. ಈಗ ನಮಗೆ ಓದಲು ಬರುತ್ತದಲ್ಲ! ಬೆಳೆಯ ಹೆಸರು, ತಳಿಯ ಹೆಸರು, ನೂರಕ್ಕೆ ಎಷ್ಟು ಮೊಳೆಯುತ್ತವೆ, ಪರೀಕ್ಷೆ ಮಾಡಿದ ದಿನ, ಯಾವ ದಿನದವರೆಗೆ ನಡೆಯುತ್ತದೆ, ಇವು ಅದರ ಮೇಲೆ ಇರುತ್ತವೆ. ಅಕ್ಷರ ಇಂಗ್ಲಿಷಿನಲ್ಲಿದ್ದರೂ ಅಂಕಿ ಓದಬಹುದು. ದಿನ ಮುಗಿದಿದ್ದರೆ ಅಂಗಡಿಯವರಿಗೆ ತಿರುಗಿ ಕೊಡಿ. ರಸೀದಿ ಕೇಳಿ ಪಡೆಯಿರಿ.

ಪಾಕೀಟಿನ ಬೀಜ ಕೆಂಪು, ಹಸಿರು, ನೀಲಿ ಬಣ್ಣದ್ದಿದ್ದರೆ ಅದಕ್ಕೆ ಔಷಧಿ ಸವರಿದ್ದಾರೆ ಎಂದು ತಿಳಿಯಿರಿ. ಉಳಿದದ್ದನ್ನು ಅಡಿಗೆಗೆ ಬಳಸಬೇಡಿ, ಕೋಳಿಗೂ ಹಾಕಬೇಡಿ. ಮಕ್ಕಳ ಕೈಗೆ ಸಿಗಬಾರದು. ಬಿತ್ತಿದ ಮೇಲೆ ಕೈ ತೊಳೆಯಿರಿ.

ಹೊಲದ ಮೆಣಸಿನಗಿಡಕ್ಕೆ, ಹತ್ತಿಗೆ ಹೊಡೆದು ಉಳಿದ ಔಷಧಿಯನ್ನು ಹಿತ್ತಲಕ್ಕೆ ಹೊಡೆಯುವವರಿದ್ದಾರೆ. ಇದು ಬಹಳ ಕೆಟ್ಟ ಕೆಲಸ. ಆ ಸೊಪ್ಪನ್ನು ನಾಳೆಯೇ ಕಿತ್ತು ತಿನ್ನುವವರು ನಾವೇ. ಔಷಧಿ ಡಬ್ಬಿಯ ಮೇಲೆ ಬಣ್ಣದ ಗುರುತು ಇರುತ್ತದೆ. ಕೆಂಪು ಅಂದರೆ ಕಡು ವಿಷ. ಹಳದಿ ಅದಕ್ಕಿಂತ ಸ್ವಲ್ಪ ಕಡಿಮೆ. ಆಮೇಲೆ ನೀಲಿ. ಕೊನೆಗೆ ಹಸಿರು. ಹಸಿರು ಗುರುತು ಇದ್ದರೆ ವಿಷವೇ ಅಲ್ಲ ಅಂತ ತಿಳಿಯಬೇಡಿ.

ಅವರಿ ಬಳ್ಳಿಯ ಕುಡಿಗೆ ಕರಿ ಹೇನು ಕೂತರೆ, ಇಬ್ಬನಿ ಆರುವ ಮೊದಲು ಒಲೆಯ ಬೂದಿ ಎರಚಿ. ಅದಕ್ಕೂ ಬಗ್ಗದಿದ್ದರೆ ಬೇವಿನ ಬೀಜ ಇದೆ. ಒಣಗಿದ ಬೀಜದ ತಿರುಳು 50 ಗ್ರಾಂ ಜಜ್ಜಿ ಅರಿವೆಯಲ್ಲಿ ಕಟ್ಟಿ, ಒಂದು ಲೀಟರ್ ನೀರಲ್ಲಿ ರಾತ್ರಿ ನೆನೆಸಿ. ಮುಂಜಾನೆ ಹಿಂಡಿ ಸೋಸಿ. ಚೂರು ಸಾಬೂನು ಕದಡಿ ಸಂಜೆ ಹೊತ್ತು ಸಿಂಪಡಿಸಿ. ಹೆಚ್ಚಿಗೆ ತಿಳಿಯಬೇಕಾದರೆ ರಾಣೇಬೆನ್ನೂರು ತಾಲೂಕಿನ ಹನುಮನಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ. ಹೋಗಿ ಕೇಳಲು ಹೆಣ್ಣುಮಕ್ಕಳು ಹಿಂಜರಿಯಬೇಡಿ.

ಬಿಸಿಲಲ್ಲಿ ಊಟ

ಚಳಿಗಾಲದ ಊಟದ ಸೊಗಸನ್ನು ನಿಮಗೆ ನಾವು ಹೇಳಬೇಕೇ? ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ. ಬದನಿಕಾಯಿ ಎಣ್ಣೆಗಾಯಿ. ಗುರೆಳ್ಳು ಚಟ್ನಿ. ಪಕ್ಕದಲ್ಲಿ ಈಗತಾನೆ ಕಿತ್ತು ತೊಳೆದ ಹಸಿ ಮೆಂತ್ಯೆ, ಮೂಲಂಗಿ, ಉಳ್ಳಾಗಡ್ಡಿ ತಪ್ಪಲ. ಹಿತ್ತಲದ ಬಿಸಿಲಿಗೆ ಬೆನ್ನು ಕೊಟ್ಟು ಕೂತು ತಿಂದರೆ ಒಂದು ರೊಟ್ಟಿ ಹೆಚ್ಚಿಗೇ ಹೋಗುತ್ತದೆ. ಹೊಲದಲ್ಲಿ ಕಡಲೆ ಇದ್ದವರು ಕುಡಿ ಚಿವುಟಿ ತಂದು ಪಲ್ಯ ಮಾಡುತ್ತಾರೆ. ಕುಡಿ ಚಿವುಟಿದರೆ ಗಿಡ ಕವಲೊಡೆಯುತ್ತದೆ. ಊಟವೂ ಆಯಿತು, ಬೆಳೆಗೂ ಒಳ್ಳೆಯದು. ಎಳ್ಳ ಅಮಾವಾಸ್ಯೆಯ ದಿನ ಹೊಲಕ್ಕೆ ಬುತ್ತಿ ಒಯ್ದು ಚರಗ ಚೆಲ್ಲಿ ಉಣ್ಣುವಾಗ ಈ ಎಲ್ಲ ಪಲ್ಯಗಳೂ ಒಂದೇ ಗಂಟಿನಲ್ಲಿ ಇರುತ್ತವೆ.

ಅದರ ಹಿಂದೆಯೇ ಮೆಣಸಿನಕಾಯಿ ಸುಗ್ಗಿ. ಕಣದಲ್ಲಿ ಕೆಂಪು ಹಾಸು. ಬ್ಯಾಡಗಿ ಕಾಯಿ ಉದ್ದ, ಸುಕ್ಕು ಸುಕ್ಕು. ಬಣ್ಣ ಬಲು ಕೆಂಪು, ಖಾರ ಕಡಿಮೆ. ಡಬ್ಬಿ, ಕಡ್ಡಿ ಎಂದು ಎರಡು ಬಗೆ. 2011ರಲ್ಲಿ ಇದಕ್ಕೆ ಭೌಗೋಳಿಕ ಗುರುತು ಸಿಕ್ಕಿತು. ಅಂದರೆ ಎಲ್ಲೋ ಬೆಳೆದ ಬೇರೆ ಕಾಯಿಗೆ ಬ್ಯಾಡಗಿ ಎಂದು ಹೆಸರಿಟ್ಟು ಮಾರುವಂತಿಲ್ಲ. ಹಸಿ ಕೆಂಪು ಕಾಯಿ ಸಿಗುವ ಈ ದಿನಗಳಲ್ಲೇ ಬಳ್ಳೊಳ್ಳಿ, ಉಪ್ಪು, ಲಿಂಬೆರಸ ಹಾಕಿ ರಂಜಕ ಕುಟ್ಟಿ ಇಟ್ಟುಕೊಳ್ಳಬೇಕು.

ಬ್ಯಾಡಗಿ ಪೇಟೆ ತುಂಬಿದಾಗ ಸಾವಿರಾರು ಹೆಣ್ಣುಮಕ್ಕಳು ಕಾಯಿಯ ತೊಟ್ಟು ತೆಗೆಯುವ ಕೆಲಸಕ್ಕೆ ಹೋಗುತ್ತಾರೆ. ಕೈ ಉರಿ, ಸೀನು, ಕೆಮ್ಮು. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ. ಮನೆಗೆ ಬಂದು ಕೈಗೆ ಎಣ್ಣೆ ತಿಕ್ಕಿ, ಆಮೇಲೆ ಸಾಬೂನಿನಿಂದ ತೊಳೆಯಿರಿ. ಬರೀ ನೀರಿಗೆ ಖಾರ ಬಿಡುವುದಿಲ್ಲ. ತೊಳೆಯದ ಕೈಯಲ್ಲಿ ಕೂಸನ್ನು ಎತ್ತಿಕೊಳ್ಳಬೇಡಿ. ಆ ದಿನಗಳಲ್ಲಿ ಹಿತ್ತಲಕ್ಕೆ ನೀರು ಹಾಕುವವರು ಯಾರು ಎಂಬುದನ್ನು ಮನೆಯಲ್ಲಿ ಮೊದಲೇ ಮಾತಾಡಿ ಗೊತ್ತು ಮಾಡಿಕೊಳ್ಳಿ. ಶಾಲೆಗೆ ಹೋಗುವ ಹುಡುಗಿಯ ತಲೆಗೇ ಅದು ಬೀಳಬಾರದು. ಹುಡುಗರಿಗೂ ಕೊಡ ಎತ್ತಲು ಬರುತ್ತದೆ.

ಬೀಜ ಎತ್ತಿಡುವುದು

ಭಾರತ ಹುಣ್ಣಿಮೆ ಬಂತೆಂದರೆ ಬಿಸಿಲು ಏರುತ್ತದೆ. ಮೆಂತ್ಯೆ, ಕೊತ್ತಂಬರಿ ಬಿತ್ತುವುದು ಇನ್ನು ಸಾಕು. ಈಗ ಬೀಜದ ಕೆಲಸ. ಹೈಬ್ರಿಡ್ ಗಿಡದಿಂದ ಬೀಜ ಹಿಡಿದರೆ ಮುಂದಿನ ವರ್ಷ ತಾಯಿಯಂಥ ಗಿಡ ಬರುವುದಿಲ್ಲ. ಒಂದೊಂದು ಒಂದೊಂದು ತರ ಆಗುತ್ತದೆ. ಜವಾರಿ ತಳಿಯಲ್ಲಿ ಆ ತೊಂದರೆ ಕಡಿಮೆ. ಒಳ್ಳೆಯ ಜವಾರಿ ಬದನೆ ಗಿಡದಲ್ಲಿ ಎರಡು ಕಾಯಿ ಕೊಯ್ಯದೆ ಬಿಡಿ. ಹಳದಿಯಾಗಿ ಮೆತ್ತಗಾದ ಮೇಲೆ ಸೀಳಿ, ಬೀಜ ತೊಳೆದು ನೆರಳಲ್ಲಿ ಒಣಗಿಸಿ. ಒಣ ಬೂದಿ ಬೆರೆಸಿ ಶೀಸೆಯಲ್ಲಿ ತುಂಬಿ ಬಿರಡೆ ಹಾಕಿ. ಅವರಿ, ಮೂಲಂಗಿ, ಮೆಂತ್ಯೆಗೂ ಬೇರೆ ಬೇರೆ ಶೀಸೆ. ಎಲ್ಲ ಶೀಸೆಯೂ ನೋಡಲು ಒಂದೇ ತರ ಇರುತ್ತವೆ. ಅದಕ್ಕೆ ಒಂದೊಂದಕ್ಕೂ ಚೀಟಿ ಬರೆದು ಅಂಟಿಸಿ. ಯಾವ ಬೀಜ, ಯಾವ ತಿಂಗಳು ಹಿಡಿದದ್ದು, ಯಾರ ಮನೆಯಿಂದ ಬಂದ ತಳಿ ಎಂದು ನಿಮ್ಮ ಕೈಯಿಂದಲೇ ಬರೆಯಿರಿ.