ಮಡಚುವ ಚಾಕು: ಬೆಲೆ ಎಷ್ಟು, ಬಾಳಿಕೆ ಎಷ್ಟು?



ನಾವು ಈಗ ಓದಲು ಕಲಿತಿದ್ದೇವೆ. ಬಸ್ಸಿನ ಬೋರ್ಡು ಓದುತ್ತೇವೆ. ರೇಷನ್ ಕಾರ್ಡು ಓದುತ್ತೇವೆ. ಇವತ್ತು ಒಂದು ಸಣ್ಣ ಸಾಮಾನನ್ನು ಓದಲು ಕಲಿಯೋಣ. ಅದು ಮಡಚುವ ಚಾಕು. ಚಾಕು ಓದೋದು ಅಂದ್ರ ಏನು ಅಂತ ನಗಬೇಡ್ರಿ. ಅಕ್ಷರ ನೋಡಿದರೆ ಅರ್ಥ ತಿಳಿಯುವ ಹಾಗೆ, ಅಲಗು ನೋಡಿದರೆ ಚಾಕುವಿನ ಗುಣ ತಿಳಿಯುತ್ತದೆ.

ನಮಗೆ ಚಾಕು ಯಾಕೆ ಬೇಕು?

ಅಂತೂರ ಬೆಂತೂರದ ಕಡೆಯ ಎರಿ ಹೊಲದ ಕೆಲಸ ನಮಗೆ ಗೊತ್ತು. ಹೆಸರು, ಉಳ್ಳಾಗಡ್ಡಿ, ಮೆಣಸಿನಕಾಯಿ, ಜೋಳ, ಕಡಲಿ. ಜೋಳ ಕೊಯ್ಯಲು ಕುಡಗೋಲು ಇದೆ. ಮನೆಯಲ್ಲಿ ಕಾಯಿಪಲ್ಯ ಹೆಚ್ಚಲು ಇಳಿಗಿ ಇದೆ. ಆದರೆ ಇವನ್ನು ಎಲ್ಲಾ ಕಡೆ ಹೊತ್ತುಕೊಂಡು ಹೋಗಲು ಆಗುವುದಿಲ್ಲ.

ಹೊಲದಲ್ಲಿ ಗೊಬ್ಬರದ ಚೀಲದ ದಾರ ಕತ್ತರಿಸಬೇಕು. ಉಳ್ಳಾಗಡ್ಡಿಯ ತಪ್ಪಲು ಕೊಯ್ಯಬೇಕು. ದನದ ಹಗ್ಗ ತುಂಡು ಮಾಡಬೇಕು. ಸಂತೆಯಲ್ಲಿ ಕಾಯಿಪಲ್ಯ ಮಾರುವವರು ಕುಂಬಳಕಾಯಿ ಹೋಳು ಮಾಡಬೇಕು. ಇದಕ್ಕೆಲ್ಲ ಮಡಚುವ ಚಾಕು ಅನುಕೂಲ. ಮಡಚಿದರೆ ಬಾಯಿ ಒಳಗೆ ಹೋಗುತ್ತದೆ. ಎಲಿ ಅಡಿಕಿ ಚೀಲದಲ್ಲೂ ಇಡಬಹುದು.

ಚೀಲಕ್ಕೆ ಇಷ್ಟು ಅಂತ ಕೂಲಿ ಮಾತಾಡಿ ಉಳ್ಳಾಗಡ್ಡಿ ಕೊಯ್ಯಲು ಕೂತಾಗ ಚಾಕುವಿನ ಬೆಲೆ ನಿಜವಾಗಿ ತಿಳಿಯುತ್ತದೆ. ಮೊಂಡ ಚಾಕು ಹಿಡಿದವರ ಕೆಲಸ ಸಾಗುವುದಿಲ್ಲ. ಕೂಲಿ ಕಡಿಮೆಯಾಗುತ್ತದೆ. ಜೋರು ಹಾಕಿ ಒತ್ತಿದರೆ ಚಾಕು ಜಾರಿ ಕೈಗೆ ಬೀಳುತ್ತದೆ. ಹರಿತ ಚಾಕುವಿಗಿಂತ ಮೊಂಡ ಚಾಕುವೇ ಹೆಚ್ಚು ಅಪಾಯ. ಕೈ ಕೊಯ್ದುಕೊಂಡರೆ ನಾಳೆಯ ಕೂಲಿಯೂ ಹೋಯಿತು.

ಪೇಟೆಯಲ್ಲಿ ಒಂದು ಮಾತುಕತೆ

"ಅಣ್ಣಾರ, ಈ ಚಾಕು ಎಷ್ಟಕ್ಕ?"

"ನಲವತ್ತು ರೂಪಾಯಿ ಅಕ್ಕಾರ. ಹೊರದೇಶದ ಮಾಲು. ನೋಡ್ರಿ, ಹೆಂಗ ಹೊಳಿತೈತಿ!"

"ಹೊಳಪು ಇರ್ಲಿ ಬಿಡ್ರಿ. ತೆರದು ನೋಡ್ಲೇನು?"

"ನೋಡ್ರಿ. ನೋಡಾಕ ರೊಕ್ಕ ಬ್ಯಾಡ."

"ಇದರ ಅಲಗು ಆ ಕಡಿಗೆ ಈ ಕಡಿಗೆ ಆಡ್ತೈತಲ್ರಿ. ಆ ಇನ್ನೊಂದು ಕೊಡ್ರಿ."

"ಅದಕ್ಕ ನೂರಾ ಇಪ್ಪತ್ತು ಆಗ್ತೈತಿ, ಅಕ್ಕಾರ."

"ಆಗ್ಲಿ, ಅದನ್ನೂ ನೋಡೂಣು."

ಈ ಅಕ್ಕ ಬೆಲೆ ಕೇಳಿ ಹೆದರಲಿಲ್ಲ. ಹೊಳಪು ನೋಡಿ ಮರುಳಾಗಲಿಲ್ಲ. ಕೈಯಲ್ಲಿ ಹಿಡಿದು ನೋಡಿದಳು. ನಾವೂ ಹೀಗೇ ಮಾಡಬೇಕು. ಏನೇನು ನೋಡಬೇಕು? ಮೊದಲು ಅಲಗಿನ ಗುಣ ತಿಳಿಯೋಣ.

ಕಬ್ಬಿಣ ಮತ್ತು ಉಕ್ಕು

ಕಬ್ಬಿಣ ಮೆದು. ಅದಕ್ಕೆ ಇದ್ದಲಿಯ ಅಂಶ ಸೇರಿದರೆ ಉಕ್ಕು ಆಗುತ್ತದೆ. ಈ ಅಂಶಕ್ಕೆ ಇಂಗಾಲ ಅನ್ನುತ್ತಾರೆ. ನೂರು ಪಾಲಿನಲ್ಲಿ ಅರ್ಧ ಪಾಲಿನಿಂದ ಒಂದು ಪಾಲು ಇಂಗಾಲ ಇದ್ದರೆ ಸಾಕು. ಒಳ್ಳೆಯ ಅಲಗು ಆಗುತ್ತದೆ.

ಉಕ್ಕಿನ ಕೆಲಸ ನಮ್ಮ ನಾಡಿಗೆ ಹೊಸದಲ್ಲ. ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ನೆಲ ಅಗೆದಾಗ ಸುಮಾರು 3000 ವರ್ಷ ಹಿಂದಿನ ಕಬ್ಬಿಣದ ವಸ್ತುಗಳು ಸಿಕ್ಕಿವೆ. ದಕ್ಷಿಣ ಭಾರತದ ಉಕ್ಕು ಹಿಂದೆ ದೂರದ ದೇಶಗಳಿಗೆ ಹೋಗುತ್ತಿತ್ತು. ಆ ದೇಶದವರು ಅದನ್ನು 'ವುಟ್ಜ್' ಎಂದು ಕರೆದರು. ಅದು ನಮ್ಮ 'ಉಕ್ಕು' ಎಂಬ ಮಾತಿನಿಂದಲೇ ಬಂದದ್ದು ಎಂದು ಹಲವು ಪಂಡಿತರು ಹೇಳುತ್ತಾರೆ.

ಉಕ್ಕು ಒಳ್ಳೆಯದಿದ್ದರೆ ಸಾಲದು. ಹದ ಬೇಕು. ಕಮ್ಮಾರರು ಅಲಗನ್ನು ಕೆಂಪಗೆ ಕಾಯಿಸಿ ನೀರಿನಲ್ಲಿ ಅಥವಾ ಎಣ್ಣೆಯಲ್ಲಿ ಅದ್ದುತ್ತಾರೆ. ಆಗ ಅದು ಗಡಸಾಗುತ್ತದೆ. ಆದರೆ ಗಾಜಿನ ಹಾಗೆ ಮುರಿಯುವ ಗುಣವೂ ಬರುತ್ತದೆ. ಅದಕ್ಕೆ ಮತ್ತೆ ಸ್ವಲ್ಪ ಬಿಸಿ ಮಾಡಿ ಹದಕ್ಕೆ ತರುತ್ತಾರೆ. ರೊಟ್ಟಿ ಹಿಟ್ಟಿಗೆ ಹದ ತಪ್ಪಿದರೆ ರೊಟ್ಟಿ ಬಿರಿಯುತ್ತದೆ. ಅಲಗಿಗೆ ಹದ ತಪ್ಪಿದರೂ ಹಾಗೇ. ಹೆಚ್ಚು ಗಡಸಾದರೆ ಬಾಯಿ ಮುಕ್ಕಾಗುತ್ತದೆ. ಮೆದುವಾದರೆ ಬಾಯಿ ಮಡಚುತ್ತದೆ.

ಸ್ಟೀಲಿನ ಅಲಗು ಇನ್ನೊಂದು ಬಗೆ. ಉಕ್ಕಿಗೆ ಕ್ರೋಮಿಯಂ ಎಂಬ ಲೋಹವನ್ನು ನೂರಕ್ಕೆ ಹತ್ತು ಪಾಲಿಗಿಂತ ಹೆಚ್ಚು ಸೇರಿಸುತ್ತಾರೆ. ಅದಕ್ಕೆ ಬೇಗ ಜಂಗು ಹಿಡಿಯುವುದಿಲ್ಲ. ಆದರೆ ಎಲ್ಲಾ ಸ್ಟೀಲು ಒಂದೇ ಅಲ್ಲ. ಊಟದ ತಾಟು ಮಾಡುವ ಕೆಲವು ಸ್ಟೀಲು ಎಷ್ಟು ಕಾಯಿಸಿ ಅದ್ದಿದರೂ ಗಡಸಾಗುವುದಿಲ್ಲ. ಅದರಿಂದ ಚಾಕು ಮಾಡಿದರೆ ಹೊಳಪು ಇರುತ್ತದೆ, ಹರಿತ ನಿಲ್ಲುವುದಿಲ್ಲ.

ಕೊಳ್ಳುವ ಮುಂಚೆ ಏಳು ಪರೀಕ್ಷೆ

1. ತೆರೆದು ಮಡಚಿ ನೋಡಿ. ನಾಲ್ಕೈದು ಸಲ ನಿಧಾನವಾಗಿ ತೆರೆಯಿರಿ, ಮಡಚಿರಿ. ಕರಕರ ಅನ್ನಬಾರದು. ತೀರಾ ಸಡಿಲವೂ ಇರಬಾರದು. ಮಡಚಿದ ಚಾಕುವನ್ನು ತಲೆಕೆಳಗೆ ಹಿಡಿದು ಮೆಲ್ಲಗೆ ಅಲ್ಲಾಡಿಸಿದರೆ ಅಲಗು ತಾನೇ ಹೊರಗೆ ಬರಬಾರದು.

2. ಅಲಗು ಆಡಿಸಿ ನೋಡಿ. ತೆರೆದ ಅಲಗಿನ ಬೆನ್ನು ಹಿಡಿದು ಎಡಕ್ಕೆ ಬಲಕ್ಕೆ ಆಡಿಸಿ. ಹೊಸದರಲ್ಲೇ ಆಡಿದರೆ ಆರು ತಿಂಗಳಲ್ಲಿ ಕೀಲು ಕಿತ್ತು ಬರಬಹುದು.

3. ಕೀಲಿನ ಮೊಳೆ ನೋಡಿ. ಅಲಗು ತಿರುಗುವ ಜಾಗದಲ್ಲಿ ಒಂದು ಮೊಳೆ ಇರುತ್ತದೆ. ಅದರ ತಲೆ ಎರಡೂ ಕಡೆ ಗಟ್ಟಿಯಾಗಿ ಕೂತಿರಬೇಕು. ಬಿಗಿ ಮಾಡುವ ಸ್ಕ್ರೂ ಇದ್ದರೆ ಇನ್ನೂ ಒಳ್ಳೆಯದು. ಸಡಿಲವಾದಾಗ ನಾವೇ ಬಿಗಿ ಮಾಡಬಹುದು.

4. ಮಡಚಿದಾಗ ಒಳಗೆ ನೋಡಿ. ಅಲಗು ನಡುವೆ ಕೂರಬೇಕು. ಒಂದು ಪಕ್ಕಕ್ಕೆ ಉಜ್ಜಬಾರದು. ಮೊನೆ ಹೊರಗೆ ಇಣುಕಬಾರದು. ಇಣುಕಿದರೆ ಚೀಲಕ್ಕೆ ಕೈ ಹಾಕಿದಾಗ ಚುಚ್ಚುತ್ತದೆ.

5. ಬಾಯಿಯನ್ನು ಬೆಳಕಿಗೆ ಹಿಡಿಯಿರಿ. ಬಾಯಿ ಮೇಲೆ ಮಾಡಿ ಬಿಸಿಲಿಗೆ ಹಿಡಿದು ನೋಡಿ. ಹರಿತ ಬಾಯಿ ಬೆಳಕು ಹಿಡಿಯುವುದಿಲ್ಲ. ಎಲ್ಲಿ ಬಿಳಿ ಚುಕ್ಕೆ ಹೊಳೆಯುತ್ತದೋ ಅಲ್ಲಿ ಮೊಂಡ ಇದೆ, ಇಲ್ಲವೆ ಮುಕ್ಕಾಗಿದೆ. ಬೆರಳು ಹಚ್ಚಿ ನೋಡಬೇಡಿ. ಹಳೇ ಪೇಪರಿನ ಅಂಚು ಕೊಯ್ದು ನೋಡಿ. ಹರಿಯದೆ ಸರಾಗ ಕೊಯ್ಯಬೇಕು.

6. ಅಯಸ್ಕಾಂತ ಹಚ್ಚಿ ನೋಡಿ. ಹಳೇ ರೇಡಿಯೋ ಸ್ಪೀಕರಿನಲ್ಲಿ ಅಯಸ್ಕಾಂತ ಸಿಗುತ್ತದೆ. ಅದರ ಒಂದು ಚೂರು ಸಾಕು. ಸ್ಟೀಲಿನ ಅಲಗಿಗೆ ಅದು ಅಂಟದಿದ್ದರೆ ಆ ಚಾಕು ಬೇಡ. ಅದು ಗಡಸಾಗದ ಸ್ಟೀಲು. ಆದರೆ ಅಂಟಿದ ಮಾತ್ರಕ್ಕೆ ಒಳ್ಳೆಯದು ಎಂದಲ್ಲ. ಮೆದು ಕಬ್ಬಿಣಕ್ಕೂ ಅಂಟುತ್ತದೆ.

7. ಹಿಡಿಕೆ ಹಿಡಿದು ನೋಡಿ. ನಾಲ್ಕೂ ಬೆರಳು ಕೂರಬೇಕು. ಕೈ ಒದ್ದೆ ಇದ್ದಾಗ ಜಾರಬಾರದು. ತೆಳು ಪ್ಲಾಸ್ಟಿಕ್ ಹಿಡಿಕೆ ಬಿಸಿಲಿಗೆ ಬಿರಿಯುತ್ತದೆ. ಗಟ್ಟಿ ಕಟ್ಟಿಗೆ ಅಥವಾ ದಪ್ಪ ಪ್ಲಾಸ್ಟಿಕ್ ಮೇಲು.

ಗುಂಡಿ ಒತ್ತಿದರೆ ಚಟ್ಟನೆ ತೆರೆಯುವ ಚಾಕು ನಮ್ಮ ಕೆಲಸಕ್ಕೆ ಬೇಡ. ಚೀಲದಲ್ಲಿ ಗುಂಡಿ ಒತ್ತಿಹೋದರೆ ಕೈಗೆ ಗಾಯ. ಮಕ್ಕಳ ಕೈಗೆ ಸಿಕ್ಕರೆ ಇನ್ನೂ ಕೆಟ್ಟದ್ದು.

ಲಾಕು ಇದೆಯೇ?

ಮಡಚುವ ಚಾಕುವಿನ ದೊಡ್ಡ ಅಪಾಯ ಒಂದೇ. ಕೆಲಸ ಮಾಡುವಾಗ ಅದು ತಾನೇ ಮಡಚಿ ಬೆರಳು ಕೊಯ್ಯಬಹುದು. ಇದನ್ನು ತಡೆಯಲು ಕೆಲವು ಚಾಕುಗಳಿಗೆ ಲಾಕು ಇರುತ್ತದೆ.

ಫ್ರಾನ್ಸ್ ದೇಶದ ಒಂದು ಉದಾಹರಣೆ ನೋಡೋಣ. ಅಲ್ಲಿ ಗುಡ್ಡಗಾಡಿನ ಸವಾಯ್ ಎಂಬ ಸೀಮೆಯಲ್ಲಿ 1890ರಲ್ಲಿ ಜೋಸೆಫ್ ಒಪಿನೆಲ್ ಎಂಬವರು ಮಡಚುವ ಚಾಕು ಮಾಡಿದರು. ಕಟ್ಟಿಗೆಯ ಹಿಡಿಕೆ, ಉಕ್ಕಿನ ಅಲಗು, ಒಂದು ಕೀಲು. ಅಷ್ಟೇ. ರೈತರು ಅದನ್ನು ಮೆಚ್ಚಿದರು. 1955ರಲ್ಲಿ ಅದಕ್ಕೆ ಒಂದು ಉಂಗುರ ಸೇರಿತು. ಉಂಗುರ ತಿರುಗಿಸಿದರೆ ಅಲಗು ಮಡಚುವುದಿಲ್ಲ. ಆ ಚಾಕು ಇಂದಿಗೂ ತಯಾರಾಗುತ್ತಿದೆ. ಒಳ್ಳೆಯ ಚಾಕುವಿಗೆ ಹತ್ತು ಬಗೆಯ ಅಲಂಕಾರ ಬೇಕಿಲ್ಲ. ಅಲಗು, ಕೀಲು, ಲಾಕು ಸರಿಯಿದ್ದರೆ ಸಾಕು.

ಲಾಕು ಇದ್ದರೆ ಅಂಗಡಿಯಲ್ಲೇ ಪರೀಕ್ಷೆ ಮಾಡಿ. ಲಾಕು ಹಾಕಿ ಅಲಗಿನ ಬೆನ್ನನ್ನು ಒಂದು ಕಟ್ಟಿಗೆಗೆ ಮೆಲ್ಲಗೆ ಒತ್ತಿ. ಬೆರಳು ಅಲಗಿನ ದಾರಿಯಲ್ಲಿ ಇರಬಾರದು. ಅಲಗು ಮಡಚಿದರೆ ಆ ಲಾಕು ಬರೀ ತೋರಿಕೆಗೆ. ಲಾಕು ಇಲ್ಲದ ಚಾಕುವಿನಿಂದ ಚುಚ್ಚುವ, ಮೀಟುವ ಕೆಲಸ ಎಂದೂ ಮಾಡಬೇಡಿ.

ಲೆಕ್ಕ ಹಾಕೋಣ

ಬೆಲೆ ಬೇರೆ, ಬಾಳಿಕೆ ಬೇರೆ. ಎರಡನ್ನೂ ಕೂಡಿಸಿ ನೋಡಿದರೆ ನಿಜವಾದ ಖರ್ಚು ತಿಳಿಯುತ್ತದೆ. ಒಂದು ಉದಾಹರಣೆ ಹಿಡಿಯೋಣ.

ಮೊದಲನೇ ಚಾಕು: ಬೆಲೆ 40 ರೂಪಾಯಿ. ಬಾಳಿದ್ದು 4 ತಿಂಗಳು. ವರ್ಷಕ್ಕೆ 3 ಚಾಕು ಬೇಕು. 40 × 3 = 120 ರೂಪಾಯಿ. ಮೂರು ವರ್ಷಕ್ಕೆ 360 ರೂಪಾಯಿ.

ಎರಡನೇ ಚಾಕು: ಬೆಲೆ 120 ರೂಪಾಯಿ. ಬಾಳಿದ್ದು 3 ವರ್ಷ. ಸಾಣೆ ಹಿಡಿಸಲು ವರ್ಷಕ್ಕೆ 20 ರೂಪಾಯಿ. ಮೂರು ವರ್ಷಕ್ಕೆ 60. ಒಟ್ಟು 180 ರೂಪಾಯಿ.

ಯಾವುದು ಅಗ್ಗ? 120 ರೂಪಾಯಿಯ ಚಾಕುವೇ ಅಗ್ಗ. ಮೂರು ವರ್ಷದಲ್ಲಿ 180 ರೂಪಾಯಿ ಉಳಿಯಿತು.

ಹಾಗಂತ ಬೆಲೆ ಹೆಚ್ಚಿದ್ದೆಲ್ಲಾ ಒಳ್ಳೆಯದು ಅಂತ ತಿಳಿಯಬೇಡ್ರಿ. 60 ರೂಪಾಯಿಯ ಚಾಕು ಏಳೂ ಪರೀಕ್ಷೆಯಲ್ಲಿ ಗೆದ್ದರೆ ಅದನ್ನೇ ಕೊಳ್ಳಿ. ಮಡಚುವುದು ಬೇಡವಾದರೆ ಕಮ್ಮಾರರ ಹತ್ತಿರ ಸಾದಾ ಚಾಕು ಮಾಡಿಸಬಹುದು. ಲಾರಿಯ ಹಳೇ ಸ್ಪ್ರಿಂಗ್ ಪಟ್ಟಿಯ ಉಕ್ಕಿನಿಂದ ಗಟ್ಟಿ ಅಲಗು ಆಗುತ್ತದೆ. ಬಾಯಿ ಮುಕ್ಕಾದರೆ ಮಾಡಿದವರೇ ಸರಿ ಮಾಡಿಕೊಡುತ್ತಾರೆ. ಹೆಸರಿಲ್ಲದ ಪೇಟೆ ಮಾಲಿಗೆ ಈ ಅನುಕೂಲ ಇಲ್ಲ.

ಒಬ್ಬರಿಗೆ ಆಗದ್ದು ಹತ್ತು ಮಂದಿಗೆ ಆಗುತ್ತದೆ. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ಸಹಕಾರಿ ಸಂಘ ಕಟ್ಟಿದರು. ನಮ್ಮ ಮಹಿಳಾ ಸಂಘದಲ್ಲೂ ಅದೇ ದಾರಿ ಹಿಡಿಯಬಹುದು. ಒಳ್ಳೆಯ ಮಸೆಯುವ ಕಲ್ಲು ಒಂದು ಕೊಂಡರೆ ಹತ್ತು ಮನೆಯ ಚಾಕು, ಕುಡಗೋಲು ಹರಿತವಾಗುತ್ತವೆ. ಹತ್ತು ಚಾಕು ಒಟ್ಟಿಗೆ ಕೊಂಡರೆ ಬೆಲೆಯಲ್ಲೂ ಕಡಿಮೆ ಕೇಳಬಹುದು.

ಪಾಕೀಟಿನ ಮೇಲೆ ಏನು ಬರೆದಿದೆ?

ಪಾಕೀಟಿನಲ್ಲಿ ಬರುವ ಚಾಕುವಿನ ಮೇಲೆ ನಾಲ್ಕು ಸಂಗತಿ ಇರಬೇಕು. ಮಾಡಿದವರ ಹೆಸರು, ವಿಳಾಸ. ಮಾಡಿದ ತಿಂಗಳು, ವರ್ಷ. ಗರಿಷ್ಠ ಮಾರಾಟ ಬೆಲೆ. ದೂರು ಹೇಳಲು ಫೋನ್ ನಂಬರು. ಗರಿಷ್ಠ ಮಾರಾಟ ಬೆಲೆಗೆ ಎಂ.ಆರ್.ಪಿ. ಎನ್ನುತ್ತಾರೆ. ತೆರಿಗೆಯೂ ಅದರಲ್ಲೇ ಸೇರಿದೆ. ಅದಕ್ಕಿಂತ ಒಂದು ರೂಪಾಯಿಯೂ ಹೆಚ್ಚು ಕೊಡಬೇಕಿಲ್ಲ. ಕಡಿಮೆಗೆ ಕೇಳಬಹುದು.

ಬರಹ ಹೆಚ್ಚಾಗಿ ಇಂಗ್ಲಿಷಿನಲ್ಲಿ ಇರುತ್ತದೆ. ಅಂಕಿ ನಾವೇ ಓದೋಣ. ಉಳಿದದ್ದನ್ನು ಶಾಲೆಗೆ ಹೋಗುವ ಮಗಳಿಂದ ಓದಿಸೋಣ. ರಸೀದಿ ಕೇಳಿ ಪಡೆಯೋಣ. ಮೋಸವಾದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು.

ಬಾಳಿಕೆ ನಮ್ಮ ಕೈಯಲ್ಲೂ ಇದೆ

ಕೆಲಸ ಮುಗಿದ ಮೇಲೆ ಚಾಕು ತೊಳೆದು ಒರೆಸಿ. ಉಳ್ಳಾಗಡ್ಡಿ, ಹುಣಸೆ, ನಿಂಬೆ ರಸ ಹಾಗೇ ಉಳಿದರೆ ಕಲೆ, ಜಂಗು ಬರುತ್ತದೆ. ಉಕ್ಕಿನ ಅಲಗು ಕಪ್ಪಾದರೆ ಚಿಂತೆ ಬೇಡ. ಕೆಂಪು ಜಂಗು ಮಾತ್ರ ಬಿಡಬಾರದು.

ಕೀಲಿಗೆ ಒಂದು ಹನಿ ಕೊಬ್ಬರಿ ಎಣ್ಣೆ ಹಾಕಿ. ಕುಸುಬಿ ಎಣ್ಣೆ ಹಾಕಬೇಡಿ. ಅದು ಒಣಗಿ ಅಂಟಾಗಿ ಕೀಲು ಹಿಡಿಯುತ್ತದೆ.

ಮಸೆಯುವಾಗ ಕಲ್ಲಿಗೆ ನೀರು ಹಾಕಿ. ಅಲಗಿನ ಬೆನ್ನು ಕಲ್ಲಿನಿಂದ ಒಂದು ಕಡಲಿ ಕಾಳಿನಷ್ಟು ಮೇಲೆ ಇರಲಿ. ಎರಡೂ ಕಡೆ ಸಮನಾಗಿ ಮಸೆಯಿರಿ. ಸಾಣೆ ಚಕ್ರಕ್ಕೆ ಕೊಟ್ಟರೆ ನಡುನಡುವೆ ನೀರಿಗೆ ಅದ್ದಲು ಹೇಳಿ. ಬಾಯಿ ಕಾದು ನೀಲಿಯಾದರೆ ಅಲ್ಲಿಯ ಹದ ಹೋಯಿತು.

ಗಾಯವಾದರೆ ಸೋಪು, ನೀರಿನಿಂದ ಚೆನ್ನಾಗಿ ತೊಳೆಯಿರಿ. ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಮಣ್ಣು, ಬೂದಿ, ಸಗಣಿ ಹಚ್ಚಬೇಡಿ. ಆರೋಗ್ಯ ಕೇಂದ್ರಕ್ಕೆ ಹೋಗಿ ಧನುರ್ವಾಯು ಸೂಜಿ ಬೇಕೇ ಎಂದು ಕೇಳಿ. ಧನುರ್ವಾಯು ಜಂಗಿನಿಂದ ಮಾತ್ರ ಬರುವುದಿಲ್ಲ. ಹೊಲದ ಮಣ್ಣಿನಲ್ಲೇ ಅದರ ರೋಗಾಣು ಇರುತ್ತದೆ. ಸ್ವಚ್ಛ ಚಾಕು ತಾಗಿದರೂ ಗಾಯಕ್ಕೆ ಮಣ್ಣು ಬಿದ್ದರೆ ಅಪಾಯ.

ನೆನಪಿಡೋಣ

ಹೊಳಪು ನೋಡಿ ಕೊಳ್ಳಬಾರದು.
ಕೀಲು, ಬಾಯಿ, ಲಾಕು ನೋಡಬೇಕು.
ಬೆಲೆಯನ್ನು ಬಾಳಿಕೆಯ ಜೊತೆ ಲೆಕ್ಕ ಹಾಕಬೇಕು.
ಹರಿತ ಚಾಕು ಕೈ ಕಾಯುತ್ತದೆ, ಕೂಲಿ ಉಳಿಸುತ್ತದೆ.

ಅಭ್ಯಾಸ

1. ಈ ಪದಗಳನ್ನು ಓದಿ, ಬರೆಯಿರಿ: ಅಲಗು, ಕೀಲು, ಉಕ್ಕು, ಹದ, ಜಂಗು, ಹಿಡಿಕೆ, ಅಯಸ್ಕಾಂತ.

2. ಉತ್ತರ ಹೇಳಿ: ಮೊಂಡ ಚಾಕು ಯಾಕೆ ಅಪಾಯ? ಕೀಲಿಗೆ ಕುಸುಬಿ ಎಣ್ಣೆ ಯಾಕೆ ಬೇಡ?

3. ಲೆಕ್ಕ ಮಾಡಿ: 50 ರೂಪಾಯಿಯ ಕುಡಗೋಲು 1 ವರ್ಷ ಬಾಳುತ್ತದೆ. 150 ರೂಪಾಯಿಯದು 5 ವರ್ಷ ಬಾಳುತ್ತದೆ. 5 ವರ್ಷಕ್ಕೆ ಯಾವುದರ ಖರ್ಚು ಕಡಿಮೆ? ಎಷ್ಟು ಉಳಿಯುತ್ತದೆ?

4. ಮನೆಯಲ್ಲಿ ಇರುವ ಚಾಕು, ಇಳಿಗಿ, ಕುಡಗೋಲು ಎಲ್ಲಾ ಹೊರಗೆ ತೆಗೆಯಿರಿ. ಬಾಯಿಯನ್ನು ಬೆಳಕಿಗೆ ಹಿಡಿದು ನೋಡಿ. ಯಾವುದು ಮೊಂಡ, ಯಾವುದು ಹರಿತ ಎಂದು ಬರೆದುಕೊಂಡು ಬನ್ನಿ. ನಾಳೆ ಎಲ್ಲರೂ ಕೂಡಿ ಓದೋಣ.