ಬಾಲ ಹಿಡಿದು ಓದಿ: ಕಣ್ಣಿನ ಚೀಟಿಗೊಂದು ಕಿವಿಮಾತು

ಕಣ್ಣಾಸ್ಪತ್ರೆಯ ಫೈಲುಗಳ ನಡುವೆ ತಲೆ ನರೆಸಿಕೊಂಡವನು ನಾನು, ಡಾಕ್ಟರಲ್ಲ. ಚೀಟಿ ಕೈಗೆ ಬಂದೊಡನೆ ಮುಖ ಸಣ್ಣದು ಮಾಡಿಕೊಂಡು ಮೊಬೈಲು ತಡಕುವವರಿಗೆ ಹೇಳುವುದಿಷ್ಟು.

• ಉದ್ದನೆಯ ಹೆಸರನ್ನು ಕೊನೆಯಿಂದ ಓದಿ. ಬಾಲ ಗ್ರೀಕಿನದು, ತೊಂದರೆಯ ಜಾತಿ ಹೇಳುತ್ತದೆ. ಯಾವ ಭಾಗ, ಯಾವ ಬಗೆ ಎಂಬುದು ತಲೆಯಲ್ಲಿರುತ್ತದೆ.

• ‘ಓಪಿಯಾ’ ಎಂದು ಮುಗಿದರೆ ನೋಟದ ಸಂಗತಿ. ‘ಓಪ್ಸ್’ ಎಂದರೆ ಕಣ್ಣು. ಮಯೋಪಿಯಾದ ತಲೆಯಲ್ಲಿರುವುದು ‘ಮುಚ್ಚು’ ಎಂಬ ಕ್ರಿಯಾಪದ. ದೂರದ ಬೋರ್ಡು ಕಾಣದ ಹುಡುಗ ಕಣ್ಣು ಕಿರಿದು ಮಾಡುತ್ತಾನಲ್ಲ, ಅದು. ಪ್ರೆಸ್ಬಯೋಪಿಯಾದ ‘ಪ್ರೆಸ್ಬಿಸ್’ ಎಂದರೆ ಮುದುಕ. ವಯಸ್ಸಾದಂತೆ ಕಣ್ಣಿನ ಮಸೂರ ಗಡುಸಾಗಿ, ಪೇಪರನ್ನು ತೋಳುದ್ದ ದೂರ ಹಿಡಿಯಬೇಕಾಗುತ್ತದೆ, ಅಷ್ಟೇ. ನಮ್ಮ ಹಿರಿಯರು ಅದರ ಕನ್ನಡಕಕ್ಕೆ ಚಾಳೀಸು ಎಂದರು, ನಲವತ್ತಕ್ಕೆ ಬರುವುದೆಂದು. ಗ್ರೀಕರಿಗಿಂತ ಮರ್ಯಾದಸ್ಥರು.

• ಆಂಬ್ಲಿಯೋಪಿಯಾ ಎಂದು ಬರೆದಿದ್ದರೆ ಮಾತ್ರ ಮುಂದೂಡಬೇಡಿ. ‘ಆಂಬ್ಲಿಸ್’ ಎಂದರೆ ಮಂಕು. ಹೊರಗಿನಿಂದ ಕಣ್ಣು ಚೆನ್ನಾಗಿಯೇ ಕಾಣಬಹುದು. ಮಿದುಳು ಅದರ ಚಿತ್ರವನ್ನು ತಳ್ಳಿಹಾಕುತ್ತಿರುತ್ತದೆ. ಒಳ್ಳೆಯ ಕಣ್ಣಿಗೆ ಪಟ್ಟಿ ಅಂಟಿಸಿ, ಮಂಕು ಕಣ್ಣಿಗೆ ಕೆಲಸ ಕೊಡುತ್ತಾರೆ. ಏಳೆಂಟು ವರ್ಷದೊಳಗೆ ಶುರುವಾದರೆ ಫಲ ಹೆಚ್ಚು. ಮಗುವಿನ ಒಂದೊಂದೇ ಕಣ್ಣು ಮುಚ್ಚಿ ನೋಡಿ. ಒಂದನ್ನು ಮುಚ್ಚಿದಾಗ ಸುಮ್ಮನಿದ್ದು, ಇನ್ನೊಂದನ್ನು ಮುಚ್ಚಿದಾಗ ನಿಮ್ಮ ಕೈ ತಳ್ಳಿ ಅತ್ತರೆ ನಾಳೆಯೇ ಕರೆದೊಯ್ಯಿರಿ. ‘ದೊಡ್ಡವನಾದಾಗ ಸರಿಹೋಗುತ್ತೆ’ ಎನ್ನುವ ಅಜ್ಜಿಯರ ಮಾತಿಗೆ ಇಲ್ಲಿ ಬೆಲೆಯಿಲ್ಲ.

• ‘ಓಪ್ಸಿಯಾ’ ಎಂಬುದು ‘ಓಪಿಯಾ’ದ ಸೋದರ. ಫೋಟೋಪ್ಸಿಯಾ ಎಂದರೆ ಇಲ್ಲದ ಮಿಂಚು ಕಾಣುವುದು. ಮೆಟಮಾರ್ಫೋಪ್ಸಿಯಾದಲ್ಲಿ ಬಾಗಿಲ ಚೌಕಟ್ಟು ಸೊಟ್ಟಗೆ ಕಾಣುತ್ತದೆ. ಮಿಂಚಿನ ಜೊತೆ ಕಪ್ಪು ಚುಕ್ಕಿಗಳು ದಿಢೀರನೆ ಹೆಚ್ಚಿದರೆ, ಪಕ್ಕದಿಂದ ಪರದೆ ಸರಿದಂತಾದರೆ, ಅಕ್ಷಿಪಟಲ, ಅಂದರೆ ರೆಟಿನಾ, ಕಳಚುತ್ತಿರಬಹುದು. ಅಂದೇ ಹೋಗಿ. ಅಮಾವಾಸ್ಯೆ ಕಳೆಯಲಿ ಎಂದು ಕೂರಬೇಡಿ.

• ‘ಐಟಿಸ್’ ಎಂದರೆ ಉರಿಯೂತ. ಕಂಜಂಕ್ಟಿವೈಟಿಸ್, ಅಂದರೆ ಮದ್ರಾಸ್ ಐ, ಸಾಮಾನ್ಯವಾಗಿ ತಾನಾಗಿ ಇಳಿಯುತ್ತದೆ. ಕೆರಟೈಟಿಸ್ ಹಾಗಲ್ಲ, ಅದು ಕರಿಗುಡ್ಡೆಯ ಮುಂದಿನ ಪಾರದರ್ಶಕ ಪದರದ್ದು. ಒಕ್ಕಣೆಯಲ್ಲಿ ಭತ್ತದ ಸುಂಕು ಬಡಿದು ಶಿಲೀಂಧ್ರದ ಹುಣ್ಣಾಗುವುದುಂಟು. ಎದೆಹಾಲು, ಎಲೆರಸ ಹಿಂಡಬೇಡಿ. ಔಷಧಿ ಅಂಗಡಿಯವರು ತಾವೇ ಕೊಡುವ ಸ್ಟೀರಾಯ್ಡ್ ಹನಿ ಆ ಹುಣ್ಣನ್ನು ಕೆರಳಿಸುತ್ತದೆ.

• ‘ಪತಿ’ ಎಂದರೆ ಗಂಡನಲ್ಲ. ಗ್ರೀಕಿನ ‘ಪಾಥೋಸ್’, ಯಾತನೆ. ಡಯಾಬಿಟಿಕ್ ರೆಟಿನೋಪತಿ ಶುರುವಿನಲ್ಲಿ ನೋಯದು, ಮಂಜಾಗದು. ಸಕ್ಕರೆ ಕಾಯಿಲೆಯವರು ಕಣ್ಣು ಚೆನ್ನಾಗಿದ್ದರೂ ವರ್ಷಕ್ಕೊಮ್ಮೆ ಪಾಪೆ ಅಗಲಿಸುವ ಹನಿ ಹಾಕಿಸಿಕೊಂಡು ತೋರಿಸಿ.

• ‘ಓಮಾ’ ಕಂಡರೆ ಗೆಡ್ಡೆ ಎಂದು ಹೌಹಾರಬೇಡಿ. ರೆಟಿನೋಬ್ಲಾಸ್ಟೋಮಾ ಗೆಡ್ಡೆಯೇ ಹೌದು. ಫ್ಲ್ಯಾಶ್ ಫೋಟೋದಲ್ಲಿ ಮಗುವಿನ ಪಾಪೆ ಬೆಳ್ಳಗೆ ಹೊಳೆದರೆ ತಡಮಾಡಬೇಡಿ. ಆದರೆ ಗ್ಲಾಕೋಮಾದಲ್ಲಿ ಗೆಡ್ಡೆಯಿಲ್ಲ; ‘ಗ್ಲಾಕೋಸ್’ ಎಂದರೆ ನೀಲಿ-ಹಸಿರು ಛಾಯೆ. ದೃಷ್ಟಿನರ ಸದ್ದಿಲ್ಲದೆ ಸವೆಯುತ್ತದೆ, ಹೋದ ನೋಟ ಮರಳದು. ಮನೆಯಲ್ಲಿ ಒಬ್ಬರಿಗಿದ್ದರೆ ಒಡಹುಟ್ಟಿದವರೂ ಪರೀಕ್ಷೆ ಮಾಡಿಸಿಕೊಳ್ಳಲಿ. ಟ್ರಕೋಮಾವೂ ಗೆಡ್ಡೆಯಲ್ಲ, ರೆಪ್ಪೆಯ ಒಳಮೈ ಒರಟಾಗಿಸುವ ಸೋಂಕು. ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಭಾರತದಲ್ಲಿ ಅದು ನಿವಾರಣೆಯಾಗಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಸಾರಿತು.

• ಕೊನೆಯದು ‘ಫೇಕಿಯಾ’. ‘ಫಾಕೋಸ್’ ಎಂದರೆ ಮಸೂರ ಬೇಳೆ. ನಾವೂ ಲೆನ್ಸಿಗೆ ಮಸೂರವೆನ್ನುತ್ತೇವೆ. ಕಣ್ಣಿನ ಡಾಕ್ಟರು ಎಂ.ಸಿ. ಮೋದಿಯವರ ಶಸ್ತ್ರಚಿಕಿತ್ಸೆ ಶಿಬಿರಗಳ ಕಾಲದಲ್ಲಿ ಪೊರೆ ತೆಗೆಸಿಕೊಂಡವರದು ಏಫೇಕಿಯಾ, ಮಸೂರವಿಲ್ಲದ ಕಣ್ಣು; ಅದಕ್ಕೇ ಆ ಸೋಡಾಬುಡ್ಡಿ ಕನ್ನಡಕ. ಈಗಿನ ಚೀಟಿಯಲ್ಲಿ ಸ್ಯೂಡೋಫೇಕಿಯಾ ಎಂದಿರುತ್ತದೆ. ‘ಸ್ಯೂಡೋ’ ಅಂದರೆ ಸುಳ್ಳು ಅಲ್ಲವೇ, ಮೋಸ ಮಾಡಿದರೇ ಎಂದು ಜಗಳಕ್ಕೆ ಹೋಗಬೇಡಿ. ಕೃತಕ ಮಸೂರ ಕೂರಿಸಿದ್ದಾರೆ ಎಂದಷ್ಟೇ ಅರ್ಥ. ಅದರ ನಂಬರಿರುವ ಕಾರ್ಡನ್ನು ರೇಷನ್ ಕಾರ್ಡಿನ ಜೊತೆಗೇ ಜೋಪಾನವಾಗಿಡಿ. ಮುಂದೆ ಯಾವ ಕಣ್ಣಾಸ್ಪತ್ರೆಗೆ ಹೋದರೂ ಮೊದಲು ಅದನ್ನು ತೋರಿಸಿ.