ಹಳೆಯ ಸೆಪ್ಟಿಕ್ ಟ್ಯಾಂಕು: ನಮ್ಮ ಕೆಲಸವೆಷ್ಟು, ನುರಿತವರದೆಷ್ಟು?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯಲ್ಲಿ ಎರೆಭೂಮಿ ಬಹಳ. ಎರೆಮಣ್ಣು ಮಳೆಗಾಲದಲ್ಲಿ ನೀರುಂಡು ಉಬ್ಬುತ್ತದೆ, ಬೇಸಗೆಯಲ್ಲಿ ಬಿರಿಯುತ್ತದೆ. ವರ್ಷವರ್ಷವೂ ಈ ಒತ್ತಡವನ್ನು ತಾಳಿದ ಹಳೆಯ ಸೆಪ್ಟಿಕ್ ಟ್ಯಾಂಕಿನ ಗೋಡೆ ಸೀಳುವುದುಂಟು. ಅದನ್ನು ತೆಗೆದು ಹೊಸದನ್ನು ಕಟ್ಟುವ ಕೆಲಸವನ್ನು ಮನೆಯವರೇ ಮಾಡಬಹುದೇ?

ಉತ್ತರವನ್ನು ಟ್ಯಾಂಕಿನೊಳಗಿನ ಗಾಳಿಯಲ್ಲಿ ಹುಡುಕೋಣ. ಆಮ್ಲಜನಕ ದೊರೆಯದ ಕೆಸರನ್ನು ಸೂಕ್ಷ್ಮಜೀವಿಗಳು ಕೊಳೆಯಿಸುವಾಗ ಮೀಥೇನ್, ಹೈಡ್ರೊಜನ್ ಸಲ್ಫೈಡ್ ಮೊದಲಾದ ಅನಿಲಗಳು ಹುಟ್ಟುತ್ತವೆ. ಹೈಡ್ರೊಜನ್ ಸಲ್ಫೈಡಿನ ಅಣುಭಾರ 34. ಗಾಳಿಯ ಸರಾಸರಿ ಅಣುಭಾರ 29. ಎಂದರೆ ಅದು ಗಾಳಿಗಿಂತ ಸುಮಾರು 1.2 ಪಟ್ಟು ಭಾರ. ಮುಚ್ಚಳ ತೆರೆದಿಟ್ಟರೂ ತಳದಲ್ಲಿ ಉಳಿಯಬಲ್ಲುದು. ಕೆಸರನ್ನು ಕಲಕಿದೊಡನೆ ಇನ್ನಷ್ಟು ಹೊರಬರುತ್ತದೆ. ಅಲ್ಪವಿದ್ದಾಗ ಕೊಳೆತ ಮೊಟ್ಟೆಯಂತೆ ನಾರುವ ಈ ಅನಿಲ, ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 100 ಭಾಗದಷ್ಟಾದಾಗ ಮೂಗಿನ ಶಕ್ತಿಯನ್ನೇ ಕುಂದಿಸುತ್ತದೆ. ವಾಸನೆ ನಿಂತಿತೆಂದು ಇಳಿದವನೂ ಅವನನ್ನು ಎತ್ತಲು ಇಳಿದವನೂ ಮರಳದಿರಬಹುದು.

ಆದುದರಿಂದ ಸ್ಥಳವನ್ನು ಗೊತ್ತುಮಾಡುವುದು, ಬಾವಿಯಿಂದ ಅದರ ದೂರವನ್ನು ಅಳೆಯುವುದು, ಸಣ್ಣ ಕುಳಿ ತೋಡಿ ನೀರು ಇಂಗುವ ವೇಗವನ್ನು ನೋಡುವುದು ನಮ್ಮ ಕೈಲಾಗುವ ಕೆಲಸ. ಬರಿದುಮಾಡಲು ಹೀರುಯಂತ್ರದ ವಾಹನವನ್ನೇ ಕರೆಸಬೇಕು. ಒಡೆದು ಕಟ್ಟುವುದು ನುರಿತವರದು. ಕೂಲಿ ಕೊಟ್ಟು ಇನ್ನೊಬ್ಬನನ್ನು ಒಳಗಿಳಿಸುವುದು ಪರಿಹಾರವಲ್ಲ. ರಕ್ಷಣಾಸಾಧನಗಳಿಲ್ಲದೆ ಹಾಗೆ ಶುಚಿಮಾಡಿಸುವುದು 2013ರ ಕಾಯಿದೆಯಂತೆ ಅಪರಾಧ. ಅನಿಲದ ನಿಯಮವಂತೂ ಯಜಮಾನನಿಗೂ ಕೂಲಿಯವನಿಗೂ ಒಂದೇ.